ಚನ್ನಗಿರಿ ತೋಟದಲ್ಲಿ ಇಬ್ಬರು ಲೀಡರ್: ಪ್ರತಿಕ್ರಿಯೆ
ಅಡಿಕೆ ತೋಟದ ನೀರಿನ ವಾಲ್ವ್ ನಡೆಸುವ 7 ಲೋರಾ (ದೂರ ತಲುಪುವ, ನಿಧಾನದ ರೇಡಿಯೊ) ನೋಡ್‌ಗಳು ತಮ್ಮಲ್ಲೇ ಒಬ್ಬ ಲೀಡರನ್ನು ಆರಿಸಿಕೊಳ್ಳಬೇಕು; ಆದರೆ ಇಬ್ಬರು ಲೀಡರ್ ಆಗಿ ಎರಡು ವಾಲ್ವ್ ಒಟ್ಟಿಗೆ ತೆರೆಯುತ್ತಿವೆ, ಸಂದೇಶಗಳೂ ಕಳೆದುಹೋಗುತ್ತಿವೆ ಅಂದಿರಿ. ಬಹುಶಃ ಟೈಮ್‌ಔಟ್ (ಲೀಡರ್‌ನ ಸುದ್ದಿ ಬಾರದಿದ್ದಾಗ ಹೊಸ ಚುನಾವಣೆಗೆ ಮುನ್ನ ನೋಡ್ ಕಾಯುವ ಸಮಯ) ತೀರಾ ಕಡಿಮೆ, ಬಹುಮತದ ಷರತ್ತೂ ಇಲ್ಲ. ಹೀಗೆ ಲೀಡರ್ ಆರಿಸುವ ಹೆಸರಾಂತ ವಿಧಾನವಾದ ರಾಫ್ಟ್‌ನ 150–300 ಮಿಲಿಸೆಕೆಂಡ್ ಟೈಮ್‌ಔಟ್ ಇಲ್ಲಿ ನಡೆಯೋದಿಲ್ಲ. ಲೋರಾದ ಅತಿ ನಿಧಾನದ ಸೆಟ್ಟಿಂಗ್ ಆದ ಎಸ್‌ಎಫ್12ರಲ್ಲಿ 20 ಬೈಟ್ ಸಂದೇಶಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು.

ಮೊದಲು, 4 ಮತ ಬೀಳದೆ ಯಾರೂ ಲೀಡರ್ ಆಗದಂತೆ ಮಾಡಿ. ಆಮೇಲೆ ಪ್ರತಿ ಚುನಾವಣೆಗೂ ಟರ್ಮ್ ಸಂಖ್ಯೆ (ಅದು ಎಷ್ಟನೇ ಚುನಾವಣೆ ಎಂಬ ಲೆಕ್ಕ) ಏರಿಸಿ. ಟರ್ಮನ್ನೂ ಹಾಕಿದ ಮತವನ್ನೂ ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಗೆ ಬರೆದ ಮೇಲಷ್ಟೇ ಉತ್ತರ ಕಳಿಸಿ. ನಮ್ಮ ಹೊಳಲ್ಕೆರೆ ತೋಟದಲ್ಲಿ ಕರೆಂಟ್ ಹೋಗಿ ಬಂದ ನೋಡ್ ಎಲ್ಲ ಮರೆತು ಅದೇ ಟರ್ಮ್‌ನಲ್ಲಿ ಎರಡನೇ ಮತ ಹಾಕುತ್ತಿತ್ತು! ಹಳೇ ಟರ್ಮ್‌ನ ಆಜ್ಞೆಯನ್ನು ವಾಲ್ವ್ ತಿರಸ್ಕರಿಸಲೇಬೇಕು, ಇದನ್ನು ಬಿಡಬೇಡಿ. ಟೈಮ್‌ಔಟನ್ನು ಪ್ರತಿ ನೋಡ್ 30–60 ಸೆಕೆಂಡಿನೊಳಗೆ ಯಾದೃಚ್ಛಿಕವಾಗಿ ಆರಿಸಿಕೊಳ್ಳಲಿ.

ಸಂದೇಶ ಕಳೆದುಹೋಗುವುದು ಪಂಪ್ ಮೋಟಾರಿನ ಅಡಚಣೆಯಿಂದಲೋ ಆಂಟೆನಾದಿಂದಲೋ, ನೋಡದೆ ಹೇಳಲಾರೆ. ಮೋಟಾರ್ ನಿಲ್ಲಿಸಿ ಒಂದು ಗಂಟೆಯ ಲಾಗ್ ಹೋಲಿಸಿ.