ಅವರು ಹೇಳಿದ ಆ ‘ಹತ್ತಿರದವರು’ ಯಾರೆಂದು ಹುಡುಕಬೇಡಿ

ಹೊಸ ಮನೆಗೆ ಬಂದಾಗಿನಿಂದ ಒಂದರ ಹಿಂದೊಂದು ಕಷ್ಟ, ಪ್ರಾರ್ಥನೆಗೆ ಬಂದವರು ‘ನಿಮಗೆ ಹತ್ತಿರದವರೇ ಮಾಟ ಮಾಡಿಸಿದ್ದಾರೆ, ಇದು ಆತ್ಮಿಕ ಯುದ್ಧ’ ಎಂದರು, ಈಗ 21 ದಿನದ ಉಪವಾಸ ಹಿಡಿಯಬೇಕೋ, 40 ದಿನದ್ದೋ, ಮನೆಯನ್ನೇ ಮಾರಬೇಕೋ, ಯಾವ ಪ್ರಾರ್ಥನೆಗೆ ಹೆಚ್ಚು ಬಲ ಎಂದು ಕೇಳಿದ್ದೀರಿ. ‘ಹತ್ತಿರದವರು’ ಎಂಬ ಪದಕ್ಕೆ ಬಂದಾಗ ಮುಂದೆ ಓದಲು ನನಗೆ ಸ್ವಲ್ಪ ಹೊತ್ತು ಆಗಲಿಲ್ಲ. ಅದೇ ಪದವನ್ನು ನಾನು 2012ರಲ್ಲಿ ಹುಬ್ಬಳ್ಳಿಯ ನನ್ನ ಮನೆಯ ಪಡಸಾಲೆಯಲ್ಲಿ ಮೊಣಕಾಲೂರಿಕೊಂಡು ಕೇಳಿದ್ದೆ.

ಆ ಮನೆಯನ್ನು ನಾವು 2011ರ ಕೊನೆಯಲ್ಲಿ ಕಟ್ಟಿ ಮುಗಿಸಿದೆವು. ಆಗ ನನಗೆ ಬೆಳಗಾವಿಯಲ್ಲಿ ಕೆಲಸ. ದಿನವೂ ಬಿಸಿಲಲ್ಲಿ ನಿಂತು ಮನೆ ಕಟ್ಟಿಸಿದವನು ನನ್ನ ಅಣ್ಣ, ಗೌಂಡಿಗಳಿಗೆ ಮಧ್ಯಾಹ್ನದ ಚಹಾ ಕಳುಹಿಸುತ್ತಿದ್ದವರು ಅತ್ತಿಗೆ. ನಮ್ಮ ಚರ್ಚಿನ ಸಭಾಪಾಲಕರು ಬಂದು ಮನೆಯನ್ನು ಪ್ರತಿಷ್ಠೆ ಮಾಡಿದರು, ಹಾಡಿದೆವು, ಎಲ್ಲರೂ ಕೂಡಿ ಉಂಡೆವು. ಮೂರು ತಿಂಗಳೊಳಗೆ ಏಳು ವರ್ಷದ ಮಗಳಿಗೆ ಜ್ವರ ಬಂದು, ಬಿಟ್ಟು, ಮತ್ತೆ ಬರತೊಡಗಿತು. ಹೆಂಡತಿಗೆ ಗರ್ಭ ನಿಲ್ಲಲಿಲ್ಲ. ನನಗೆ ನಡುರಾತ್ರಿ ಎಚ್ಚರವಾಗಿ, ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕುಳಿತಂತಾಗುತ್ತಿತ್ತು. ಇವುಗಳ ನಡುವೆ ಬೆಟಗೇರಿಯಲ್ಲಿದ್ದ ತಂದೆಯವರ ಮನೆಯ ಪಾಲಿನ ವಿಷಯದಲ್ಲಿ ಅಣ್ಣನಿಗೂ ನನಗೂ ಮಾತು ಬಿರುಸಾಗಿತ್ತು. ನಮ್ಮ ಮನೆಯ ಕಷ್ಟಗಳನ್ನು ಎಣಿಸುವಾಗ ಈ ಜಗಳವನ್ನು ಮಾತ್ರ ನಾನು ಎಂದೂ ಎಣಿಸುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ನ್ಯಾಯ ನನ್ನ ಕಡೆಗಿದೆ ಎಂದು ನಂಬಿದ್ದೆ.

ಪರಿಚಯದವರೊಬ್ಬರು ಬೇರೆ ಸಭೆಯ ಒಬ್ಬ ಪ್ರಾರ್ಥನೆಯವರನ್ನು ಕರೆತಂದರು. ಅವರು ಬಹಳ ಹೊತ್ತು ಪ್ರಾರ್ಥಿಸಿ, ಕಣ್ಣು ಮುಚ್ಚಿಕೊಂಡೇ, ‘ಈ ಮನೆಗೆ ಬಂದು ಹೋಗುವ, ಇಲ್ಲಿ ಉಂಡಿರುವ, ನಿಮಗೆ ಹತ್ತಿರದ ಒಬ್ಬ ಹೆಂಗಸು’ ಎಂದರು. ಬಾಗಿಲುಗಳ ಬಳಿ ಏನಾದರೂ ಇದ್ದೀತು, ನೋಡಿರಿ ಎಂದು ಹೇಳಿ ಹೋದರು. ಮುಂದೆ ಬಂದದ್ದೇ ನಾನು ಇಷ್ಟು ವರ್ಷಗಳ ಬೆಲೆ ತೆತ್ತ ತಪ್ಪು. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ಅಂದು ಶನಿವಾರ. ಸಂಜೆ ಆರೂವರೆಗೆ ತಲೆಬಾಗಿಲಿನ ಚೌಕಟ್ಟಿನ ಮೇಲೆ, ಸಿಮೆಂಟು ಬಿರುಕು ಬಿಟ್ಟ ಸಂದಿಯಲ್ಲಿ, ಒಂದು ಕೆಂಪು ಬಟ್ಟೆಯ ಗಂಟು ಸಿಕ್ಕಿತು. ಒಳಗೆ ಬಗೆಬಗೆಯ ಕಾಳು, ಒಂದು ಅರಿಶಿನ ಕೊಂಬು, ಒಂದು ನಾಣ್ಯ. ರಾತ್ರಿ ಒಂಬತ್ತಕ್ಕೆ ನಾನು ಅಣ್ಣನಿಗೆ ಫೋನಿನಲ್ಲಿ ಬರೆದು ಕಳುಹಿಸಿದೆ: ‘ಅತ್ತಿಗೆ ಮಾಡಿದ್ದು ಕರ್ತನು ತೋರಿಸಿಕೊಟ್ಟಿದ್ದಾನೆ. ಇನ್ನು ಮುಂದೆ ಅವರು ನಮ್ಮ ಹೊಸ್ತಿಲು ತುಳಿಯಬಾರದು.’ ಆರೂವರೆಗೂ ಒಂಬತ್ತಕ್ಕೂ ನಡುವೆ ಎರಡೂವರೆ ತಾಸು ಇದ್ದವು. ಮನೆ ಕಟ್ಟಿದ ಗೌಂಡಿಯ ನಂಬರು ನನ್ನ ಫೋನಿನಲ್ಲಿತ್ತು, ಕೇಳಲಿಲ್ಲ. ಚೌಕಟ್ಟು ನಿಲ್ಲಿಸಿದ ದಿನ ಅಲ್ಲೇ ಇದ್ದ ಅಣ್ಣ ನಾಲ್ಕು ಓಣಿ ಆಚೆ ಇದ್ದ, ಕೇಳಲಿಲ್ಲ. ಸಭಾಪಾಲಕರ ಮನೆ ನಡೆದರೆ ಹತ್ತು ನಿಮಿಷ. ಅವರಲ್ಲಿಗೂ ಹೋಗಲಿಲ್ಲ, ಏಕೆಂದರೆ ಅವರು ‘ತಾಳು’ ಎನ್ನುವರೆಂದು ನನಗೆ ಗೊತ್ತಿತ್ತು. ಆ ಎರಡೂವರೆ ತಾಸೂ ನಾನು ಪ್ರಾರ್ಥನೆಯನ್ನೇ ಮಾಡಿದ್ದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದ್ದೆ. ನಾವು ಹೋರಾಡುವುದು ಮನುಷ್ಯಮಾತ್ರದವರ ಸಂಗಡವಲ್ಲ ಎಂಬ 12ನೆಯ ವಚನವನ್ನು ಓದಿದ ಬಾಯಿ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಯುದ್ಧಕ್ಕೆ ಒಬ್ಬ ಮನುಷ್ಯಳನ್ನು ಹುಡುಕಿ, ಅವಳಿಗೆ ಹೆಸರಿಟ್ಟು, ಕಳುಹಿಸುವ ಗುಂಡಿ ಒತ್ತಿಬಿಟ್ಟಿದ್ದೆ. ಪ್ರಾರ್ಥನೆಯವರು ಹೆಸರು ಹೇಳಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಅವರು ಖಾಲಿ ಬಿಟ್ಟ ಜಾಗವನ್ನು ನನ್ನ ಮನಸ್ಸು ತುಂಬಿತು, ಆಸ್ತಿಯ ಜಗಳ ಮೊದಲೇ ಸಿದ್ಧಮಾಡಿ ಇಟ್ಟಿದ್ದ ಹೆಸರಿನಿಂದ.

ಅಣ್ಣ ಉತ್ತರ ಬರೆಯಲಿಲ್ಲ. ಮರುದಿನ ನಾನು ಬಾಗಿಲುಗಳಿಗೆಲ್ಲ ಅಭಿಷೇಕದ ಎಣ್ಣೆ ಹಚ್ಚಿ, ಗಂಟನ್ನು ಸುಟ್ಟು, 21 ದಿನದ ಉಪವಾಸ ಆರಂಭಿಸಿದೆ. ಉಪವಾಸದ ನಡುವೆಯೇ ವೈದ್ಯರು ಮಗಳ ರಕ್ತ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎಂದರು, ಕುಡಿಯುವ ನೀರನ್ನು ಕುದಿಸಿರಿ ಎಂದರು, ಔಷಧ ಕೊಟ್ಟರು. ಮಗಳು ಗುಣವಾದಳು. ವೈದ್ಯರ ಮಾತನ್ನು ನುಂಗಿಕೊಂಡು ನಾನು ಆ ಗುಣವನ್ನು ಬಿಡುಗಡೆಯ ಪ್ರಾರ್ಥನೆಯ ಫಲವೆಂದು ಒಂದು ಕೂಟದಲ್ಲಿ ಸಾಕ್ಷಿ ಹೇಳಿದೆ. ದೇವರು ವೈದ್ಯರ ಮೂಲಕ ಗುಣಪಡಿಸಿದ್ದಕ್ಕೆ ಸ್ತೋತ್ರ ಹೇಳಿದ್ದರೆ ಅದು ಸತ್ಯವಾಗುತ್ತಿತ್ತು. ನಾನು ಹೇಳಿದ ಸಾಕ್ಷಿಯಲ್ಲಿ ಹೆಸರೆತ್ತದೆ ಅತ್ತಿಗೆಯನ್ನೂ ಸೇರಿಸಿದ್ದೆ, ಕೇಳಿದವರಿಗೆ ಯಾರೆಂದು ತಿಳಿಯಿತು.

ನಮ್ಮದು ದಕ್ಷಿಣ ಭಾರತ ಸಭೆ (ಸಿಎಸ್‌ಐ). 1947ರ ಸೆಪ್ಟೆಂಬರ್ 27ರಂದು ಈ ಸಭೆ ರೂಪುಗೊಂಡ ಮೇಲೆ, 1950ರಲ್ಲಿ ಹೊರಬಂದ ಅದರ ಕರ್ತನ ಭೋಜನದ, ಅಂದರೆ ಸಭೆಯವರು ಕೂಡಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವ, ಆರಾಧನಾ ಕ್ರಮದಲ್ಲಿ ಸಮಾಧಾನದ ಹಾರೈಕೆಯನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಸೇರಿಸಲಾಯಿತು. ಮೇಜಿನ ಬಳಿಯಿಂದ ಹೊರಟ ಸಮಾಧಾನ, ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಕೈ ಸೇರುತ್ತ, ಕೊನೆಯ ಸಾಲಿನವರೆಗೆ ಬರುತ್ತದೆ. ನಾಲ್ಕು ವರ್ಷ ನಾನು ಆ ಸಮಾಧಾನ ಅಣ್ಣನ ಕೈಯಿಂದ ನನಗೆ ಬಾರದಂತೆ ಲೆಕ್ಕ ಹಾಕಿ ಕುಳಿತುಕೊಂಡೆ. ಅವನು ಎಡಗಡೆಯ ಕಂಬದ ಬಳಿ ಕುಳಿತರೆ ನಾನು ಬಲಗಡೆಗೆ ಹೋಗುತ್ತಿದ್ದೆ. ಅದೇ ಕೈಯಲ್ಲಿ ರೊಟ್ಟಿಯನ್ನು ತೆಗೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಸೈತಾನನನ್ನು ಯೇಸುವಿನ ಹೆಸರಿನಲ್ಲಿ ಕಟ್ಟುತ್ತೇನೆ ಎಂದು ಕೂಗಿ ಪ್ರಾರ್ಥಿಸುತ್ತಿದ್ದೆ. ನಡುರಾತ್ರಿಯ ಭಾರ ಮಾತ್ರ ಇಳಿಯಲಿಲ್ಲ.

2015ರಲ್ಲಿ ನಮ್ಮ ತಾಯಿ ಅಣ್ಣನ ಮನೆಯಲ್ಲಿ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಸ್ನಾನ ಮಾಡಿಸಿದವರು, ಹಾಸಿಗೆ ಬದಲಿಸಿದವರು, ಬಾಯಿಗೆ ಗಂಜಿ ಹಾಕಿದವರು ಅತ್ತಿಗೆ. ನಾನು ನೋಡಲು ಹೋಗುತ್ತಿದ್ದುದು ಅತ್ತಿಗೆ ಮನೆಯಲ್ಲಿ ಇಲ್ಲದ ಹೊತ್ತಿಗೆ. ಇಬ್ಬರೂ ಒಟ್ಟಿಗೆ ಬನ್ನಿರಿ ಎಂದು ತಾಯಿ ಕೇಳಿದ್ದರು, ಒಂದು ಸಲವಲ್ಲ.

2016ರ ಬೇಸಿಗೆಯಲ್ಲಿ ಸಂಪಿನ ನೀರು ವಾಸನೆ ಬರತೊಡಗಿ ಅದೇ ಗೌಂಡಿಯನ್ನು ಕರೆಸಿದೆ. ಹುಬ್ಬಳ್ಳಿಯಲ್ಲಿ ನಲ್ಲಿಗೆ ನೀರು ಹಲವು ದಿನಗಳಿಗೊಮ್ಮೆ ಬರುತ್ತಿದ್ದ ಕಾಲ. ಎಲ್ಲರಂತೆ ನಾವೂ ಸಂಪಿನಲ್ಲಿ ತುಂಬಿಟ್ಟುಕೊಂಡೇ ಬಳಸುತ್ತಿದ್ದೆವು. ಶೌಚದ ಗುಂಡಿಯ ಕಡೆಗಿದ್ದ ಸಂಪಿನ ಗೋಡೆಯಲ್ಲಿ ಬಿರುಕು ಇದ್ದುದನ್ನು ಅವನು ತೋರಿಸಿದ, ಇದು ಇಂದು ನಿನ್ನೆಯದಲ್ಲ ಎಂದ. ಹೊರಡುವಾಗ ತಲೆಬಾಗಿಲಿನ ಮೇಲಿನ ಸಂದಿ ಖಾಲಿಯಾಗಿರುವುದನ್ನು ಕಂಡು, ‘ಯಜಮಾನರೇ, ಚೌಕಟ್ಟು ನಿಲ್ಲಿಸುವ ದಿನ ನಾವು ಕಟ್ಟಿದ್ದ ನವಧಾನ್ಯದ ಗಂಟು ಏನಾಯಿತು?’ ಎಂದು ಕೇಳಿದ. ಎಲ್ಲ ಮನೆಗಳಿಗೂ ಕಟ್ಟುತ್ತಾರಂತೆ, ಮನೆಗೆ ಒಳ್ಳೆಯದಾಗಲಿ ಎಂದು. ‘ನೀವು ಕ್ರೈಸ್ತರು, ಬೇಡ ಎನ್ನುತ್ತೀರೇನೋ ಎಂದು ನಿಮ್ಮ ಅತ್ತಿಗೆಯವರನ್ನು ಕೇಳಿದ್ದೆ, ನಿಮ್ಮ ಪದ್ಧತಿ ಇದ್ದರೆ ಕಟ್ಟಿರಿ, ಕೆಲಸದವರ ಮನಸ್ಸು ನೋಯಬಾರದು ಎಂದರು’ ಎಂದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಸೈತಾನನೇ ಇಲ್ಲವೆಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಇದ್ದಾನೆ, ನಮ್ಮ ಮನೆಗೆ ಬಂದಿದ್ದ, ನಾಲ್ಕು ವರ್ಷ ಇದ್ದ. ಹೊಸ ಒಡಂಬಡಿಕೆಯಲ್ಲಿ ಅವನಿಗಿರುವ ದಿಯಾಬೊಲೊಸ್ ಎಂಬ ಗ್ರೀಕ್ ಹೆಸರಿನ ಅರ್ಥ ಚಾಡಿಕೋರ, ಸುಳ್ಳು ದೂರು ಹೊರಿಸುವವನು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 12ನೆಯ ಅಧ್ಯಾಯವು ಅವನನ್ನು ಸಹೋದರರ ಮೇಲೆ ಹಗಲಿರುಳು ದೂರು ಹೇಳುವವನೆಂದು ಕರೆಯುತ್ತದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಅವನ ಆ ಕೆಲಸವನ್ನು ನಾನು ಮಾಡಿಕೊಟ್ಟೆ, ಅದೂ ಕರ್ತನ ಹೆಸರಿನಲ್ಲಿ.

ಆಮೇಲೆ ಎಫೆಸದವರಿಗೆ ಬರೆದ ಪತ್ರವನ್ನು ಮೊದಲ ಸಲ ಮೊದಲಿನಿಂದ ಓದಿದೆ. ಅಲ್ಲಿಯವರೆಗೆ ನಾನು 6ನೆಯ ಅಧ್ಯಾಯದ 10ನೆಯ ವಚನದಿಂದ ಮಾತ್ರ ಓದುತ್ತಿದ್ದೆ, ಸೈತಾನನನ್ನು ಎದುರಿಸಲು ದೇವರು ಕೊಡುವ ಆಯುಧಗಳ ಪಟ್ಟಿಗಾಗಿ. ಅದಕ್ಕೆ ಎರಡು ಅಧ್ಯಾಯ ಹಿಂದೆಯೇ, 4ನೆಯ ಅಧ್ಯಾಯದ 26 ಮತ್ತು 27ನೆಯ ವಚನಗಳಲ್ಲಿ, ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ, ಸೈತಾನನಿಗೆ ಅವಕಾಶ ಕೊಡಬೇಡಿರಿ ಎಂದು ಪೌಲನು ಬರೆದಿದ್ದಾನೆ. ಅವನು ಒಳಗೆ ಬರುವ ದಾರಿ ಯಾವುದೆಂದು ಅಲ್ಲೇ ಹೇಳಿಯಾಗಿತ್ತು. ಎಫೆಸವಾದರೂ ಮಾಟಮಂತ್ರವನ್ನು ಅರಿಯದ ಊರಲ್ಲ: ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದ ಪ್ರಕಾರ ಅಲ್ಲಿ ಸುಟ್ಟ ಮಂತ್ರದ ಪುಸ್ತಕಗಳ ಬೆಲೆಯೇ 50,000 ಬೆಳ್ಳಿ ನಾಣ್ಯಗಳು, ಮತ್ತು ಸ್ಕೇವನ ಏಳು ಮಂದಿ ಮಕ್ಕಳು ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಲು ಹೋಗಿ ಪೆಟ್ಟು ತಿಂದು ಬೆತ್ತಲೆಯಾಗಿ ಓಡಿದ್ದೂ ಅಲ್ಲಿಯೇ. ಅಂಥ ಊರಿನವರಿಗೆ ಬರೆಯುವಾಗ, ನಿಮಗೆ ಮಾಟ ಮಾಡಿಸಿದವರು ಯಾರೆಂದು ಹೀಗೆ ಕಂಡುಹಿಡಿಯಿರಿ ಎಂದು ಪೌಲನು ಒಂದು ಸಾಲನ್ನೂ ಬರೆಯಲಿಲ್ಲ. ಸುಳ್ಳು ಬಿಡಿರಿ, ಕದಿಯುವವನು ಇನ್ನು ಕದಿಯದಿರಲಿ, ಒಬ್ಬರನ್ನೊಬ್ಬರು ಕ್ಷಮಿಸಿರಿ, ಗಂಡಹೆಂಡಿರು ಹೀಗಿರಿ, ತಂದೆಮಕ್ಕಳು ಹೀಗಿರಿ ಎಂದು ಬರೆದು, ಅದಾದ ಮೇಲೆ ಸರ್ವಾಯುಧಗಳ ಮಾತಿಗೆ ಬಂದ.

ಆ ಭಾಗದಲ್ಲಿ ಮತ್ತೆ ಮತ್ತೆ ಬರುವ ಮಾತು ‘ನಿಲ್ಲಿರಿ’. 11ರಿಂದ 14ನೆಯ ವಚನದೊಳಗೆ, ಎದುರಿಸಿ ನಿಲ್ಲುವುದನ್ನೂ ಸೇರಿಸಿದರೆ, ನಾಲ್ಕು ಬಾರಿ. ಆ ಬಹುವಚನವನ್ನು ನಾನು ಗೌರವದ ಬಹುವಚನವೆಂದು, ನನ್ನೊಬ್ಬನಿಗೇ ಹೇಳಿದ್ದೆಂದು ಓದಿಕೊಂಡಿದ್ದೆ. ಅದು ಇಡೀ ಸಭೆಗೆ ಹೇಳಿದ ಮಾತು. ನಂಬಿಕೆಯೆಂಬ ಗುರಾಣಿ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವ ಥುರೆಯೊಸ್ ಎಂಬ ಪದವು ಬಾಗಿಲು ಎಂಬ ಅರ್ಥದ ಪದದಿಂದ ಹುಟ್ಟಿದೆ. ಬಾಗಿಲಿನಷ್ಟು ಅಗಲವಾಗಿ ಮೈಯ ಬಹುಭಾಗವನ್ನು ಮುಚ್ಚುವ ಗುರಾಣಿ ಅದು. ರೋಮಿನ ಸಿಪಾಯಿಗಳು ಅಂಥ ಗುರಾಣಿಗಳನ್ನು ಪಕ್ಕದವನ ಗುರಾಣಿಗೆ ಜೋಡಿಸಿ ಗೋಡೆಯಂತೆ ನಿಲ್ಲುತ್ತಿದ್ದರು. ನನ್ನ ಪಕ್ಕದಲ್ಲಿ ಗುರಾಣಿ ಹಿಡಿದು ನಿಲ್ಲಬೇಕಾದವನು ಅಣ್ಣ. ಅವನನ್ನು ಸಾಲಿನಿಂದ ಹೊರಗೆ ತಳ್ಳಿ, ಮನೆಯ ಬಾಗಿಲಿಗೆ ನಾನು ಎಣ್ಣೆ ಹಚ್ಚುತ್ತಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 21 ದಿನವೋ 40 ದಿನವೋ ಎಂಬುದನ್ನು ತೂಗಿ ನೋಡುವ ಮನಸ್ಸು ನನಗಿಲ್ಲ. ಉಪವಾಸ ಮಾಡುವುದಾದರೆ ಮೊದಲು ಯೆಶಾಯನ 58ನೆಯ ಅಧ್ಯಾಯವನ್ನು ಓದಿರಿ. ಜಗಳ ಕಲಹಗಳಿಗಾಗಿ ಮಾಡುವ ಉಪವಾಸದ ಕುರಿತು ಅಲ್ಲಿ ದೇವರೇ ಮಾತನಾಡುತ್ತಾನೆ, ನನ್ನ 21 ದಿನಗಳನ್ನು ನಾನು ಅಲ್ಲಿ ಕಂಡೆ. ಮನೆ ಮಾರುವ ಮಾತನ್ನು ಬಿಡಿ. ಜ್ವರಕ್ಕೆ ವೈದ್ಯರನ್ನು ಕಾಣಿರಿ, ನೀರನ್ನು ಪರೀಕ್ಷಿಸಿರಿ, ನಿದ್ದೆಯಲ್ಲಿ ಎದೆ ಅದುಮಿದಂತಾದರೆ ಅದನ್ನೂ ವೈದ್ಯರಿಗೆ ಹೇಳಿರಿ; ಹಾಗೆ ಮಾಡುವುದು ಅಪನಂಬಿಕೆಯಲ್ಲ. ಹೆಚ್ಚು ಬಲದ ಪ್ರಾರ್ಥನೆ ಯಾವುದೆಂದರೆ ಕರ್ತನು ತಾನೇ ಕಲಿಸಿದ್ದು. ಅದರಲ್ಲಿ ಕೇಡಿನಿಂದ ತಪ್ಪಿಸು ಎಂಬ ಬೇಡಿಕೆಗೆ ಮೊದಲು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಮಾತು ಬರುತ್ತದೆ, ಅದನ್ನು ದಾಟದೆ ಮುಂದಿನದಕ್ಕೆ ಹೋಗಲಾಗುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 2ನೆಯ ಅಧ್ಯಾಯದಲ್ಲಿ, ಸೈತಾನನು ನಮ್ಮನ್ನು ವಂಚಿಸಬಾರದೆಂದೇ ತಾನು ಕ್ಷಮಿಸಿದ್ದೇನೆಂದು ಪೌಲನು ಬರೆಯುತ್ತಾನೆ. ‘ಹತ್ತಿರದವರು’ ಎಂದವರನ್ನು ಹೆಸರು ಕೇಳಬೇಡಿ. ಮನಸ್ಸಿನಲ್ಲಿ ಆಗಲೇ ಒಂದು ಹೆಸರು ಎದ್ದಿದ್ದರೆ, ಅದನ್ನು ಹೆಂಡತಿಗೂ ಹೇಳುವ ಮುಂಚೆ ನಿಮ್ಮ ಸಭಾಪಾಲಕರ ಬಳಿಗೆ ಹೋಗಿ, ಆ ವ್ಯಕ್ತಿಗೂ ನಿಮಗೂ ಮೊದಲೇ ಏನಿತ್ತು ಎಂಬುದನ್ನು ಹೇಳಿರಿ.

ಸಂಪು ದುರಸ್ತಿಯಾದ ವಾರವೇ ನಾನು ಅಣ್ಣನ ಮನೆಗೆ ಹೋಗಿ ಇಬ್ಬರ ಮುಂದೆಯೂ ತಪ್ಪೊಪ್ಪಿಕೊಂಡೆ. ಅದೇ ಕೂಟದಲ್ಲಿ ಎದ್ದು ನಿಂತು ನನ್ನ ಸಾಕ್ಷಿಯನ್ನು ಸುಳ್ಳೆಂದು ಹೇಳಿದೆ. ಅಣ್ಣ ಬಹಳ ಹೊತ್ತು ಮಾತನಾಡದೆ ಕುಳಿತು, ಕೊನೆಗೆ ‘ಅವ್ವ ಇದ್ದಾಗ ಬರಬೇಕಿತ್ತು’ ಎಂದ. ಮುಂದಿನ ಕರ್ತನ ಭೋಜನದ ಭಾನುವಾರ ಅವನ ಕೈಯಿಂದಲೇ ನನಗೆ ಸಮಾಧಾನ ಬಂತು. ನಡುರಾತ್ರಿಯ ಭಾರ ಆಮೇಲೆ ವಿರಳವಾಗುತ್ತ ಬಂದು ನಿಂತಿತು. ಅತ್ತಿಗೆ ಕ್ಷಮಿಸಿದ್ದೇನೆ ಎಂದರು, ಅವರು ಸುಳ್ಳು ಹೇಳುವವರಲ್ಲ. ಆದರೂ ನಮ್ಮ ಮನೆಗೆ ಬರಲು ಅವರಿಗೆ ಮೂರು ವರ್ಷ ಬೇಕಾಯಿತು. 2019ರಲ್ಲಿ, ಮಗಳು ಸಭೆಯ ಮುಂದೆ ತನ್ನ ನಂಬಿಕೆಯನ್ನು ತಾನೇ ಒಪ್ಪಿಕೊಂಡ ದೃಢೀಕರಣದ ದಿನ ಬಂದರು. ಈಗ ಹಬ್ಬಕ್ಕೂ ಊಟಕ್ಕೂ ಬರುತ್ತಾರೆ. ಬಾಗಿಲು ತೆರೆದೇ ಇದ್ದರೂ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತುಕೊಳ್ಳುತ್ತಾರೆ, ನಾನು ಹೋಗಿ ‘ಬನ್ನಿ ಅತ್ತಿಗೆ’ ಎಂದು ಕರೆಯುವ ತನಕ.