ದಂತ ಕ್ಲಿನಿಕ್ಕಿನ ಸುರಕ್ಷತೆಯನ್ನು ರೋಗಿ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆಯಿದೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ಎರಡು ದವಡೆ ಹಲ್ಲುಗಳನ್ನು ಕೀಳಿಸಬೇಕಾಗಿದೆ. ನಮ್ಮ ಬಡಾವಣೆಯಲ್ಲೇ ನಾಲ್ಕು ದಂತ ಕ್ಲಿನಿಕ್ಕುಗಳಿದ್ದು, ಎಲ್ಲವೂ ಹೊರನೋಟಕ್ಕೆ ಚೊಕ್ಕಟವಾಗಿಯೇ ಕಾಣುತ್ತವೆ. ಎಲ್ಲಿ ಚಿಕಿತ್ಸೆ ಸುರಕ್ಷಿತವೆಂದು ನಮ್ಮಂಥವರು ತಿಳಿಯುವುದು ಹೇಗೆ?
– ಓದುಗರು, ತುಮಕೂರು

ಉತ್ತರ: ನೆಲದ ಟೈಲ್ಸು, ಹವಾನಿಯಂತ್ರಣ, ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ ತೀರ್ಮಾನಿಸಬೇಡಿ. ಒಬ್ಬ ರೋಗಿ ಕುರ್ಚಿಯಿಂದ ಎದ್ದ ಮೇಲೆ ಮತ್ತೊಬ್ಬರು ಅದೇ ಕುರ್ಚಿಯಲ್ಲಿ ಕೂರುವವರೆಗಿನ ಆ ಕೆಲವು ನಿಮಿಷಗಳಲ್ಲಿ ಅಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಗಮನಿಸಿ. ದಂತ ಚಿಕಿತ್ಸೆಯ ಸುರಕ್ಷತೆಯ ಬಹುಪಾಲು ಅಲ್ಲೇ ನಿರ್ಧಾರವಾಗುತ್ತದೆ.

ಹಲ್ಲಿನ ಉಪಕರಣಗಳಿಗೆ ರಕ್ತ, ಎಂಜಲು ಎರಡೂ ತಾಗುತ್ತವೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಲ್ಮೈಯ ಮೇಲೂ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಆದ್ದರಿಂದ ಉಪಕರಣವನ್ನು ತೊಳೆದರೆ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಅಥವಾ ನೀರಿನಲ್ಲಿ ಕುದಿಸಿದರೆ ಸಾಲದು. ಆಟೋಕ್ಲೇವ್ ಯಂತ್ರದಲ್ಲಿ ಒತ್ತಡದ ಹಬೆಗೆ ಒಡ್ಡಬೇಕು. 121 ಡಿಗ್ರಿ ಸೆಲ್ಸಿಯಸ್‌ನಲ್ಲಾದರೆ ಸುಮಾರು 15ರಿಂದ 20 ನಿಮಿಷ ಬೇಕು, 134 ಡಿಗ್ರಿಯಲ್ಲಾದರೆ ಕೆಲವೇ ನಿಮಿಷ ಸಾಕು. ಸರಿಯಾದ ಕ್ಲಿನಿಕ್ಕಿನಲ್ಲಿ ಉಪಕರಣಗಳನ್ನು ಕಾಗದ ಮತ್ತು ಪ್ಲಾಸ್ಟಿಕ್ಕಿನ ಚೀಲದಲ್ಲಿ ಮುಚ್ಚಿ ಹಬೆಗೆ ಹಾಕುತ್ತಾರೆ. ಚೀಲದ ಅಂಚಿನಲ್ಲಿರುವ ಸಣ್ಣ ಗುರುತು ಶಾಖ ತಾಗಿದಾಗ ಬಣ್ಣ ಬದಲಿಸುತ್ತದೆ. ಆ ಚೀಲವನ್ನು ನಿಮ್ಮ ತಾಯಿಯವರ ಕಣ್ಣೆದುರೇ ಹರಿಯಬೇಕು. ‘ಚೀಲ ಬಿಚ್ಚುವುದನ್ನು ನೋಡಬಹುದೇ ಡಾಕ್ಟರೇ’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಯಂತ್ರ ನಿಜಕ್ಕೂ ರೋಗಾಣುಗಳನ್ನು ಕೊಲ್ಲುತ್ತಿದೆಯೇ ಎಂಬುದನ್ನು ಆ ಬಣ್ಣವೊಂದೇ ಸಾಬೀತುಪಡಿಸದು; ಅದಕ್ಕೆ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಯಂತ್ರದೊಳಗಿಟ್ಟು ನೋಡುವ ಪರೀಕ್ಷೆಯೊಂದಿದ್ದು, ಅದನ್ನು ವಾರಕ್ಕೊಮ್ಮೆ ಮಾಡಿ ದಾಖಲಿಸುವ ಕ್ಲಿನಿಕ್ಕಿನ ಮೇಲೆ ಹೆಚ್ಚಿನ ವಿಶ್ವಾಸ ಇಡಬಹುದು.

ನೇರಳೆ ಬೆಳಕು ಹೊಮ್ಮಿಸುವ ಗಾಜಿನ ಪೆಟ್ಟಿಗೆಯನ್ನು ಅನೇಕ ರೋಗಿಗಳು ಕ್ರಿಮಿಶುದ್ಧೀಕರಣದ ಯಂತ್ರವೆಂದೇ ನಂಬಿರುತ್ತಾರೆ. ಅದು ಆಗಲೇ ಶುದ್ಧವಾದ ಉಪಕರಣಗಳನ್ನು ಇಟ್ಟುಕೊಳ್ಳುವ ಕಪಾಟಷ್ಟೇ. ಅತಿನೇರಳೆ ಕಿರಣ ತಾಗದ ಸಂದುಗಳಲ್ಲಿ ರೋಗಾಣುಗಳು ಹಾಗೆಯೇ ಉಳಿಯುತ್ತವೆ. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಬಗೆಗೂ ವಿಚಾರಿಸಿ. ರೋಗಿಯ ಬಾಯಿಯ ದ್ರವವನ್ನು ತನ್ನೊಳಕ್ಕೆ ಎಳೆದುಕೊಳ್ಳಬಲ್ಲ ಈ ಉಪಕರಣವನ್ನು ಪ್ರತಿ ರೋಗಿಯ ನಂತರ ಆಟೋಕ್ಲೇವ್‌ಗೆ ಹಾಕಲೇಬೇಕು; ಹೊರಮೈಯನ್ನು ಒರೆಸಿ ಮುಂದಿನವರಿಗೆ ಬಳಸುವುದು ತಪ್ಪು. ಕೈಗವಸು ತೊಟ್ಟ ಕೈಯಲ್ಲೇ ಮೊಬೈಲ್ ಎತ್ತಿ ಮಾತನಾಡಿ, ಮತ್ತೆ ಅದೇ ಕೈಯನ್ನು ಬಾಯಿಗೆ ಹಾಕುವುದನ್ನು ಕಂಡರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2023ರಲ್ಲಿ ತಮಿಳುನಾಡಿನ ವಾಣಿಯಂಬಾಡಿಯ ದಂತ ಕ್ಲಿನಿಕ್ಕೊಂದರಲ್ಲಿ ಚಿಕಿತ್ಸೆ ಪಡೆದವರಲ್ಲಿ ಎಂಟು ಮಂದಿ, ಮಿದುಳಿಗೆ ತಗಲಿದ ಮೆಲಿಯೊಯ್ಡೋಸಿಸ್ ಸೋಂಕಿನಿಂದ ಮೃತಪಟ್ಟರು. ನಮ್ಮ ಕರಾವಳಿಯ ವೈದ್ಯರಿಗೆ ಈ ಸೋಂಕು ಮಳೆಗಾಲದಲ್ಲಿ ಕಾಣಿಸುವ ಕಾಯಿಲೆಯಾಗಿ ಪರಿಚಿತ. ಅದರ ಬ್ಯಾಕ್ಟೀರಿಯಾ ಮಣ್ಣು ಮತ್ತು ನೀರಿನಲ್ಲಿರುತ್ತದೆ. ಅಲ್ಲಿ ತನಿಖೆ ನಡೆಸಿದ ತಜ್ಞರ ಬೆರಳು ತಿರುಗಿದ್ದು ಬಾಯಿ ತೊಳೆಯಲು ಬಳಸಿದ ಸಲೈನ್ ಬಾಟಲಿಯ ಕಡೆಗೆ. ಶಸ್ತ್ರಚಿಕಿತ್ಸೆಯ ಉಪಕರಣದಿಂದಲೇ ಬಾಟಲಿಯನ್ನು ತೆರೆದು, ಸಡಿಲವಾಗಿ ಮುಚ್ಚಿಟ್ಟು, ಮತ್ತೆ ಬೇರೆ ರೋಗಿಗಳಿಗೆ ಬಳಸಲಾಗುತ್ತಿತ್ತು. ಬೆಲೆಬಾಳುವ ಯಂತ್ರ ಕೆಟ್ಟು ಆದ ಅನಾಹುತ ಇದಲ್ಲ. ಆದ್ದರಿಂದ ಹಲ್ಲು ಕೀಳುವಾಗ ಬಳಸುವ ಸಲೈನ್, ಸೂಜಿ, ಅರಿವಳಿಕೆ ಮದ್ದು ಇವೆಲ್ಲ ನಿಮ್ಮ ತಾಯಿಯವರಿಗೆಂದೇ ಹೊಸದಾಗಿ ತೆರೆದವೇ ಎಂದು ಅವಶ್ಯವಾಗಿ ಕೇಳಿ.

ಇನ್ನು ತಾಯಿಯವರ ಆರೋಗ್ಯದ ವಿಷಯ. ಹಲ್ಲು ನೋಡುವ ಮೊದಲೇ ಅವರ ಕಾಯಿಲೆಗಳು, ನುಂಗುವ ಮಾತ್ರೆಗಳು, ಔಷಧಗಳ ಅಲರ್ಜಿ ಇವನ್ನು ವಿಚಾರಿಸಿ ಬರೆದುಕೊಳ್ಳುವ ವೈದ್ಯರು ಅರ್ಧ ಪರೀಕ್ಷೆಯಲ್ಲಿ ಆಗಲೇ ತೇರ್ಗಡೆಯಾದಂತೆ. ಏನನ್ನೂ ಕೇಳದೆ ‘ಐದು ನಿಮಿಷದ ಕೆಲಸ, ಕೂತುಕೊಳ್ಳಿ ಅಮ್ಮಾ’ ಎನ್ನುವಲ್ಲಿ ಅವರನ್ನು ಕೂರಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಒಂದೆರಡು ಹಲ್ಲು ಕೀಳಲು ಸಾಮಾನ್ಯವಾಗಿ ಅದನ್ನು ನಿಲ್ಲಿಸದೆಯೇ, ಹತ್ತಿ ಒತ್ತಿಟ್ಟು, ಅಗತ್ಯವಿದ್ದರೆ ಹೊಲಿಗೆ ಹಾಕಿ ರಕ್ತಸ್ರಾವವನ್ನು ಹತೋಟಿಗೆ ತರಲಾಗುತ್ತದೆ. ಜವಾಬ್ದಾರಿಯುಳ್ಳ ದಂತವೈದ್ಯರು ಈ ವಿಷಯದಲ್ಲಿ ಹೃದ್ರೋಗ ತಜ್ಞರ ಅಭಿಪ್ರಾಯವನ್ನು ಪಡೆದೇ ಮುಂದುವರಿಯುತ್ತಾರೆ, ಸಕ್ಕರೆಯ ಮಟ್ಟವನ್ನೂ ಪರೀಕ್ಷಿಸುತ್ತಾರೆ. ಬೆಳಗಿನ ಹೊತ್ತು, ತಿಂಡಿ ತಿಂದು, ಎಂದಿನ ಮಾತ್ರೆಗಳನ್ನು ತೆಗೆದುಕೊಂಡು ಹೋಗುವುದು ಒಳ್ಳೆಯದು.

ಕಾಗದಪತ್ರಗಳನ್ನು ನೋಡುವುದು ಸುಲಭ. ವೈದ್ಯರ ಹೆಸರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಕ್ಲಿನಿಕ್ಕಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ಅಂದರೆ ಎಲ್ಲರೂ ಕೆಪಿಎಂಇ ಎನ್ನುವ ಕಾಯ್ದೆಯ ನೋಂದಣಿ ಬೇಕು. ಈ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ಆದರೆ ಪ್ರಮಾಣಪತ್ರವೆಂದರೆ ಬಾಗಿಲು ತೆರೆಯಲು ಅನುಮತಿ ಇದೆ ಎಂದಷ್ಟೇ ಅರ್ಥ. ಇಂದು ಬೆಳಿಗ್ಗೆ ಆಟೋಕ್ಲೇವ್ ಓಡಿದೆಯೇ ಎಂಬುದನ್ನು ಅದು ಹೇಳದು.

ಪ್ರಶ್ನೆ: ಒಂದು ಕ್ಲಿನಿಕ್ಕಿನಲ್ಲಿ ನನ್ನ ನಾಲ್ಕು ಹಲ್ಲುಗಳಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕೆಂದರು, ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ ಎಂದೂ ಹೇಳಿದರು. ಮತ್ತೊಬ್ಬರು ಒಂದು ಹಲ್ಲಿಗೆ ಮಾತ್ರ ಸಾಕು, ಉಳಿದವಕ್ಕೆ ಸಿಮೆಂಟ್ ತುಂಬಿದರಾಯಿತು ಎನ್ನುತ್ತಾರೆ. ಯಾರನ್ನು ನಂಬಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಬಾಯಿಯನ್ನು ನೋಡದೆ ಇಬ್ಬರಲ್ಲಿ ಯಾರು ಸರಿ ಎಂದು ಹೇಳುವುದು ನ್ಯಾಯವಲ್ಲ. ಹುಳುಕು ಹಲ್ಲಿನ ಒಳಗಿನ ನರದ ತಿರುಳಿಗೆ ತಲುಪಿ, ಅದು ಮತ್ತೆ ಚೇತರಿಸಿಕೊಳ್ಳದಷ್ಟು ಕೆಟ್ಟಿದ್ದರೆ ಮಾತ್ರ ರೂಟ್ ಕೆನಾಲ್ ಬೇಕು. ಅದನ್ನು ತಿಳಿಯಲು ಎಕ್ಸ್‌ರೇ ಜೊತೆಗೆ, ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ನೋಡುವ ಮತ್ತು ಮೆಲ್ಲಗೆ ತಟ್ಟಿ ನೋಡುವ ಪರೀಕ್ಷೆಗಳಿವೆ. ನಾಲ್ಕೂ ಹಲ್ಲುಗಳಿಗೆ ಇವನ್ನು ಮಾಡಿದರೇ? ಪ್ರತಿ ಹಲ್ಲನ್ನೂ ಎಕ್ಸ್‌ರೇಯಲ್ಲಿ ತೋರಿಸಿ ಹುಳುಕು ಎಲ್ಲಿಯವರೆಗೆ ಹೋಗಿದೆ, ಈಗ ತುಂಬಿಸಿ ಕಾದು ನೋಡಿದರೆ ಏನಾಗುತ್ತದೆ ಎಂದು ವಿವರಿಸುವವರ ಮಾತಿಗೆ ಹೆಚ್ಚು ತೂಕ ಕೊಡಿ. ನೋವು, ಊತ, ಜ್ವರ ಇಲ್ಲದಿದ್ದರೆ ಇಂದೇ ಹಣ ಕಟ್ಟಬೇಕಾದ ತುರ್ತು ಇರುವುದಿಲ್ಲ. ಗಡುವು ಹಾಕಿದ ರಿಯಾಯಿತಿ ಅಂಗಡಿಯ ವ್ಯವಹಾರಕ್ಕೆ ಸರಿ, ಚಿಕಿತ್ಸೆಯ ನಿರ್ಧಾರಕ್ಕೆ ಸಲ್ಲದು.

ಎಕ್ಸ್‌ರೇಯ ಪ್ರತಿ ಮತ್ತು ಖರ್ಚಿನ ಲಿಖಿತ ಅಂದಾಜು ಎರಡನ್ನೂ ಪಡೆದು, ಧಾರವಾಡದ ಸತ್ತೂರಿನಲ್ಲಿರುವಂಥ ದಂತ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಮೂರನೆಯ ಅಭಿಪ್ರಾಯ ಕೇಳಿ. ಚಿಕಿತ್ಸೆ ಮಾಡಿಸುವಲ್ಲಿ ರಬ್ಬರ್ ಡ್ಯಾಮ್ ಬಳಸುತ್ತಾರೆಯೇ ಎಂದೂ ವಿಚಾರಿಸಿ. ಚಿಕಿತ್ಸೆಯ ಹಲ್ಲನ್ನು ಮಾತ್ರ ಹೊರಗೆ ಬಿಟ್ಟು ಬಾಯಿಯ ಉಳಿದ ಭಾಗವನ್ನು ಮುಚ್ಚುವ ಈ ತೆಳು ಹಾಳೆ, ಎಂಜಲಿನ ಬ್ಯಾಕ್ಟೀರಿಯಾಗಳು ಬೇರಿನೊಳಗೆ ಇಳಿಯದಂತೆಯೂ ಬೇರಿನ ಒಳಭಾಗವನ್ನು ಕೆರೆದು ಶುಚಿಮಾಡುವ ಸೂಜಿಯಂಥ ಫೈಲ್‌ಗಳು ಗಂಟಲಿಗೆ ಜಾರದಂತೆಯೂ ತಡೆಯುತ್ತದೆ. ಸಮಯ ಹಿಡಿಯುತ್ತದೆಂದು ಅನೇಕರು ಇದನ್ನು ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ.

ಪ್ರಶ್ನೆ: ರೂಟ್ ಕೆನಾಲ್ ಆದ ಹಲ್ಲಿನೊಳಗೆ ಫೈಲ್‌ನ ತುಂಡು ಮುರಿದು ಉಳಿದಿರುವುದು ಬೇರೆ ಕಡೆ ಎಕ್ಸ್‌ರೇ ತೆಗೆಸಿದಾಗ ತಿಳಿಯಿತು. ಮೊದಲಿನ ವೈದ್ಯರು ನನಗೆ ಹೇಳಿರಲಿಲ್ಲ. ದೂರು ಕೊಡಬಹುದೇ?
– ಓದುಗರು, ಮೈಸೂರು

ಉತ್ತರ: ಬಾಗಿದ ಬೇರಿನಲ್ಲಿ ಕೆಲಸ ಮಾಡುವಾಗ ಫೈಲ್ ಮುರಿಯುವುದು ನುರಿತವರ ಕೈಯಲ್ಲೂ ಆಗುವುದುಂಟು, ಅಷ್ಟರಿಂದಲೇ ಅದು ನಿರ್ಲಕ್ಷ್ಯವಾಗದು, ಕೆಲವೊಮ್ಮೆ ತುಂಡು ಒಳಗೇ ಉಳಿದರೂ ಹಲ್ಲು ಬಾಳುತ್ತದೆ. ನಿಮ್ಮಿಂದ ಮುಚ್ಚಿಟ್ಟಿದ್ದು ಮಾತ್ರ ಒಪ್ಪತಕ್ಕದ್ದಲ್ಲ. ಮೊದಲು ಆ ವೈದ್ಯರಿಗೆ ಪತ್ರ ಬರೆದು ಚಿಕಿತ್ಸೆಯ ದಾಖಲೆ, ಎಕ್ಸ್‌ರೇ ಮತ್ತು ವಿವರಣೆಯನ್ನು ಕೇಳಿ, ಪತ್ರದ ಪ್ರತಿಯನ್ನು ಇಟ್ಟುಕೊಳ್ಳಿ. ಎಷ್ಟೋ ಪ್ರಕರಣಗಳು ಈ ಹಂತದಲ್ಲೇ ಬಗೆಹರಿಯುತ್ತವೆ.

ಉತ್ತರ ಬಾರದಿದ್ದರೆ, ವೃತ್ತಿ ನಡವಳಿಕೆಯ ಬಗ್ಗೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೂ, ಕ್ಲಿನಿಕ್ಕಿನ ವ್ಯವಸ್ಥೆಯ ಬಗ್ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಕೆಪಿಎಂಇ ಜಿಲ್ಲಾ ಪ್ರಾಧಿಕಾರಕ್ಕೂ ದೂರು ಸಲ್ಲಿಸಬಹುದು. ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ನೀಡಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಎರಡೂ ಕಡೆಯ ಎಕ್ಸ್‌ರೇಗಳು, ಬಿಲ್ಲುಗಳು ಮತ್ತು ಮತ್ತೊಬ್ಬ ದಂತವೈದ್ಯರ ಲಿಖಿತ ಅಭಿಪ್ರಾಯವಿಲ್ಲದೆ ಈ ದೂರು ನಿಲ್ಲುವುದು ಕಷ್ಟ. ಈ ನಡುವೆ ಹಲ್ಲನ್ನು ಅಲಕ್ಷಿಸಬೇಡಿ. ಬೇರಿನ ಚಿಕಿತ್ಸೆಯಲ್ಲಿ ಎಂಡಿಎಸ್, ಅಂದರೆ ದಂತವೈದ್ಯಕೀಯದ ಸ್ನಾತಕೋತ್ತರ ಪದವಿ, ಮಾಡಿದ ತಜ್ಞರು ಸೂಕ್ಷ್ಮದರ್ಶಕದ ನೆರವಿನಿಂದ ಆ ತುಂಡನ್ನು ತೆಗೆಯಬಹುದೇ ಅಥವಾ ಅದನ್ನು ಅಲ್ಲಿಯೇ ಬಿಟ್ಟು ಆಗಾಗ ಎಕ್ಸ್‌ರೇ ತೆಗೆಸಿ ನೋಡುತ್ತಿದ್ದರೆ ಸಾಕೇ ಎಂಬುದನ್ನು ಪರೀಕ್ಷಿಸಿ ಹೇಳುತ್ತಾರೆ.