ಗುಳಿಗೆಯ ಬೆನ್ನಿಗೆ ಚಹಾ ಬೇಡ: ಬಸುರಿಯರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನಗೆ 22 ವರ್ಷ. ಚೊಚ್ಚಲ ಬಸಿರು, ಈಗ ಐದು ತಿಂಗಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2 ಬಂದಿದೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಗುಳಿಗೆಯನ್ನು ಬೆಳಿಗ್ಗೆ ಚಹಾದೊಂದಿಗೆ ನುಂಗುತ್ತಿದ್ದೆ. ಮಲ ಕಪ್ಪಗಾಗಿ, ಹೊಟ್ಟೆ ಕಟ್ಟಿದಂತಾದ್ದರಿಂದ ಬಿಟ್ಟಿದ್ದೇನೆ. ಗುಳಿಗೆಯಿಂದ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆಯವರೂ ಹೇಳುತ್ತಾರೆ. ದಿನಾಲೂ ರೊಟ್ಟಿ, ಪಲ್ಯ ಉಣ್ಣುತ್ತೇನೆ, ಬೀಟ್‌ರೂಟ್ ತಿನ್ನುತ್ತೇನೆ. ಇಷ್ಟು ಸಾಲದೇ? ಇತ್ತೀಚೆಗೆ ಮಣ್ಣು ತಿನ್ನಬೇಕೆನಿಸುತ್ತದೆ. ಇದನ್ನು ಯಾರಿಗೂ ಹೇಳಿಲ್ಲ.
– ಓದುಗರು, ಗದಗ ತಾಲ್ಲೂಕು

ಉತ್ತರ: ನೀವು ಯಾರಿಗೂ ಹೇಳದ ಮಾತಿನಿಂದಲೇ ಆರಂಭಿಸುತ್ತೇನೆ. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸುವುದನ್ನು ನಮ್ಮ ಕಡೆ ಬಯಕೆಯೆಂದು ಸುಮ್ಮನಿದ್ದುಬಿಡುತ್ತಾರೆ. ಆದರೆ ಅದು ಬಹಳ ಸಲ ದೇಹದಲ್ಲಿ ಕಬ್ಬಿಣಾಂಶ ತೀರಿರುವುದರ ಕುರುಹು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಣ್ಣನ್ನು ಮಾತ್ರ ತಿನ್ನಬೇಡಿ, ಜಂತುಹುಳುವಿನ ಮೊಟ್ಟೆಗಳು ಅದರೊಂದಿಗೆ ಹೊಟ್ಟೆ ಸೇರುತ್ತವೆ. ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕವೂ ಒಳಸೇರುವುದರಿಂದ ಹೊಲಕ್ಕೆ ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳಿ. ಮೊದಲ ಮೂರು ತಿಂಗಳು ಕಳೆದ ಮೇಲೆ ಒಮ್ಮೆ ಜಂತುಹುಳುವಿನ ಗುಳಿಗೆ ಕೊಡುವ ಪದ್ಧತಿಯಿದೆ. ನಿಮಗೆ ಅದು ಸಿಕ್ಕಿದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ.

ಬಸಿರಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತೇವೆ. 9.2 ಎಂದರೆ ಮಧ್ಯಮ ಪ್ರಮಾಣದ ರಕ್ತಹೀನತೆ. ಇಷ್ಟು ಇಳಿದುದನ್ನು ಹೆರಿಗೆಯೊಳಗೆ ಊಟವೊಂದರಿಂದಲೇ ಮೇಲೆತ್ತಲಾಗುವುದಿಲ್ಲ. ಸರ್ಕಾರಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆ ಇಲ್ಲದವರೂ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಇದನ್ನು ತೆಗೆದುಕೊಳ್ಳಬೇಕು. ನಿಮ್ಮಂಥವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಕೊಡುತ್ತಾರೆ. ತಾಯಿ ಕಾರ್ಡ್ ಹಿಡಿದುಕೊಂಡು ಈ ವಾರವೇ ವೈದ್ಯರನ್ನು ಕಂಡು ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಿ. ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆಯಾಗಬೇಕು. ಆಗಲೂ ಒಂದು ಗ್ರಾಂನಷ್ಟಾದರೂ ಏರದಿದ್ದರೆ ಬೇರೆ ಚಿಕಿತ್ಸೆ ಬೇಕಾಗುತ್ತದೆ.

ಮಲ ಕಪ್ಪಗಾಗುವುದು ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಹೊಟ್ಟೆ ಕಟ್ಟುವುದು ಕಡಿಮೆಯಾಗಲು ನೀರು, ಸೊಪ್ಪು, ಪೇರಲ ಹಣ್ಣು ನೆರವಾಗುತ್ತವೆ. ವಾಕರಿಕೆ ಬಂದರೆ ಗುಳಿಗೆಯನ್ನು ರಾತ್ರಿ ಊಟವಾದ ಮೇಲೆ ನುಂಗಿ ಮಲಗಬಹುದು. ನಿಜವಾದ ತಪ್ಪು ನಡೆದಿರುವುದು ಚಹಾದಲ್ಲಿ. ಚಹಾದೊಳಗಿನ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಹೀಗಾಗಿ ನೀವು ಇಷ್ಟು ದಿನ ನುಂಗಿದ ಗುಳಿಗೆಗಳ ಬಹುಪಾಲು ವ್ಯರ್ಥವಾಗಿದೆ. ಗುಳಿಗೆಗೂ ಚಹಾಕ್ಕೂ ನಡುವೆ ಎರಡು ತಾಸು ಅಂತರವಿರಲಿ. ಕ್ಯಾಲ್ಸಿಯಂ ಗುಳಿಗೆಗೂ ಇದೇ ನಿಯಮ, ಎರಡನ್ನೂ ಒಟ್ಟಿಗೆ ನುಂಗಬಾರದು. ಕಬ್ಬಿಣದ ಗುಳಿಗೆಯನ್ನು ಲಿಂಬೆಹಣ್ಣಿನ ನೀರಿನೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ.

ಅತ್ತೆಯವರ ಭಯ ಪ್ರೀತಿಯಿಂದಲೇ ಹುಟ್ಟಿದ್ದು, ಆದರೆ ಅದಕ್ಕೆ ಆಧಾರವಿಲ್ಲ. ಗುಳಿಗೆಯಿಂದ ಕೂಸು ಹೆರಿಗೆಗೆ ಅಡ್ಡಿಯಾಗುವಷ್ಟು ದಪ್ಪವಾಗುವುದಿಲ್ಲ. ಬದಲಿಗೆ, ತಾಯಿಗೆ ರಕ್ತ ಕಡಿಮೆಯಿದ್ದಾಗ ಕೂಸು ತೂಕ ಕಡಿಮೆಯಾಗಿ, ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚುತ್ತದೆ, ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಾಳಿಕೊಳ್ಳುವ ಶಕ್ತಿ ತಾಯಿಗೆ ಇರುವುದಿಲ್ಲ. ಮುಂದಿನ ತಪಾಸಣೆಗೆ ಅವರನ್ನೇ ಜೊತೆಗೆ ಕರೆದೊಯ್ಯಿರಿ. ಈ ಮಾತನ್ನು ಅವರು ವೈದ್ಯರ ಬಾಯಿಂದ ಕೇಳಲಿ.

ಇನ್ನು ಊಟ. ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ, ಅದರಲ್ಲಿ ಕಬ್ಬಿಣಾಂಶ ಅಲ್ಪವೇ. ಜೋಳದ ರೊಟ್ಟಿ ಒಳ್ಳೆಯ ಊಟವೇ ಆದರೂ ಧಾನ್ಯದಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅದನ್ನು ದಕ್ಕಿಸಿಕೊಳ್ಳುವ ಉಪಾಯ ನಮ್ಮ ಅಡುಗೆಯಲ್ಲೇ ಇದೆ. ಮಡಕಿಕಾಳನ್ನು ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ, ಮೇಲೆ ಲಿಂಬೆ ಹಿಂಡಿದರೆ ಮೊಳಕೆ ಮತ್ತು ಹುಳಿ ಎರಡೂ ಈ ಕೆಲಸಕ್ಕೆ ಒದಗುತ್ತವೆ. ವಾರದಲ್ಲಿ ಕೆಲವು ದಿನ ಸಜ್ಜೆ ರೊಟ್ಟಿ, ರಾಜಗಿರಿ ಅಥವಾ ಮೆಂತ್ಯ ಪಲ್ಯ, ಪಕ್ಕದಲ್ಲಿ ಗುರೆಳ್ಳು ಹಿಂಡಿ ಇರಲಿ. ಹಸಿ ಮೆಂತ್ಯದ ಪಚಡಿ ತಿನ್ನುವುದಾದರೆ ಶುದ್ಧ ನೀರಿನಲ್ಲಿ ಹಲವು ಸಲ ತೊಳೆಯಿರಿ. ತತ್ತಿ, ಮಾಂಸ ತಿನ್ನುವವರಾದರೆ ಬಿಡಬೇಡಿ.

ಒಂದು ಮಾತನ್ನು ನಿಮ್ಮ ಮನೆಯವರಿಗಾಗಿಯೇ ಬರೆಯುತ್ತಿದ್ದೇನೆ. ನಮ್ಮ ಅನೇಕ ಮನೆಗಳಲ್ಲಿ ಸೊಸೆ ಎಲ್ಲರದಾದ ಮೇಲೆ ಉಣ್ಣುತ್ತಾಳೆ, ಆ ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಉಳಿದಿರುತ್ತದೆ, ಪಾತ್ರೆಯಲ್ಲಿ ಕಾಳು ಉಳಿದಿರುವುದಿಲ್ಲ. ಬಸುರಿಯ ತಾಟಿಗೆ ಪಲ್ಯವನ್ನು ಮೊದಲೇ ತೆಗೆದಿಡಿ. ಅಂಗನವಾಡಿಯಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಡಿ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಆರಂಭವಾಗಿದೆ. ಅಲ್ಲಿಗೆ ಹೋಗಿ ಉಣ್ಣುವುದು ಬಡತನದ ಗುರುತಲ್ಲ, ಅದು ನಿಮ್ಮ ಹಕ್ಕು.

ಪ್ರಶ್ನೆ: ಹೆಂಡತಿಗೆ ಮೂರನೇ ತಿಂಗಳು. ಒಗ್ಗರಣೆಯ ವಾಸನೆಗೇ ವಾಂತಿಯಾಗುತ್ತದೆ. ಏನು ಕೊಡಬೇಕು?
– ಓದುಗರು, ಧಾರವಾಡ

ಉತ್ತರ: ಹಸಿದ ಹೊಟ್ಟೆಯಲ್ಲಿ ವಾಕರಿಕೆ ಹೆಚ್ಚುತ್ತದೆ. ಹಾಸಿಗೆ ಬಿಟ್ಟು ಏಳುವ ಮೊದಲೇ ಸ್ವಲ್ಪ ಚುರುಮುರಿ ಅಥವಾ ಒಣ ರೊಟ್ಟಿಯ ತುಣುಕು ಕೊಡಿ, ಆಮೇಲೆ ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪವೇ ಉಣ್ಣಲಿ. ಕೆಲವು ವಾರ ಒಗ್ಗರಣೆಯ ಕೆಲಸವನ್ನು ನೀವೇ ವಹಿಸಿಕೊಳ್ಳಿ. ನೀರು ಕೂಡ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಫೋಲಿಕ್ ಆಮ್ಲದ ಗುಳಿಗೆ ತಪ್ಪದಿರಲಿ.

ಪ್ರಶ್ನೆ: ಏಳನೇ ತಿಂಗಳಲ್ಲಿ ಮಗಳ ಕುಬಸ ಮಾಡಿ ತವರಿಗೆ ಕರೆತರುತ್ತೇವೆ. ಇಬ್ಬರ ಊಟ ಉಣ್ಣಬೇಕೆಂದು ಎಲ್ಲರೂ ಸಿಹಿ ತರುತ್ತಾರೆ. ಪಪ್ಪಾಯಿ ಕೊಡಬಹುದೇ?
– ಓದುಗರು, ಹಾವೇರಿ

ಉತ್ತರ: ಇಬ್ಬರ ಊಟ ಬೇಕಿಲ್ಲ. ದಿನಕ್ಕೆ ಸುಮಾರು 350 ಕ್ಯಾಲರಿ ಹೆಚ್ಚಿಗೆ ಸಾಕು. ಒಂದು ರೊಟ್ಟಿ, ಒಂದು ಬಟ್ಟಲು ಕಾಳಿನ ಪಲ್ಯ, ಒಂದು ಸಣ್ಣ ಲೋಟ ಹಾಲು ಸೇರಿದರೆ ಅಷ್ಟಾಗುತ್ತದೆ. ಚೆನ್ನಾಗಿ ಮಾಗಿದ ಪಪ್ಪಾಯಿಯನ್ನು ಮಿತವಾಗಿ ತಿನ್ನಬಹುದು, ಹಾಲು ಸೋರುವ ಕಾಯಿ ಬೇಡ. ಹೋಳಿಗೆ, ಕರ್ಚಿಕಾಯಿ ತಾಟಿಗೆ ಬರುವ ಮೊದಲು ಮಗಳ ತಾಯಿ ಕಾರ್ಡ್ ತೆರೆದು, 24ರಿಂದ 28ನೇ ವಾರದ ಸಕ್ಕರೆ ಪರೀಕ್ಷೆ ಆಗಿದೆಯೇ ನೋಡಿ. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ತಾಸಿನ ನಂತರದ ಅಂಕಿ 140 ಅಥವಾ ಅದಕ್ಕೂ ಹೆಚ್ಚಿದ್ದರೆ ಬಸಿರಿನ ಮಧುಮೇಹವಿದೆ ಎಂದರ್ಥ; ಆಗ ತಂದ ಸಿಹಿಯನ್ನು ಬಂದವರಿಗೇ ಹಂಚಿ, ಮಗಳಿಗೆ ಯಾವ ಊಟ ಎಷ್ಟೆಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿ.